ಷೇರುಪೇಟೆಯ ಕಣ್ಣು ಕಕ್ಷೆಯಲ್ಲಿ, ಗಿರಾಕಿ ಇರುವುದು ಔರಾದ್‌ನಲ್ಲಿ

ಜಾಗ ಹೇಳುವ ನಮ್ಮದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಸುದ್ದಿಯಲ್ಲಿದ್ದಾಗಲೆಲ್ಲ ಹೂಡಿಕೆದಾರರ ಮಾತು ಶ್ರೀಹರಿಕೋಟಾದ ಸುತ್ತಲೇ ಗಿರಕಿ ಹೊಡೆಯುತ್ತದೆ. 2023ರ ಮೇ 29ರಂದು ಅದರ ಉಪಗ್ರಹ ಎನ್‌ವಿಎಸ್-01 ಸ್ವದೇಶಿ ರುಬಿಡಿಯಂ ಗಡಿಯಾರ ಹೊತ್ತು ಏರಿದಾಗ ಹುರುಪು. 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02, ಕವಾಟ ತೆರೆಯದೆ ನಿಗದಿತ ಕಕ್ಷೆ ಸೇರದಿದ್ದಾಗ ನಿರಾಸೆ. ಉಪಗ್ರಹ ಸಂಕೇತ ಹಿಡಿದು ಜಾಗ ಹೇಳುವ ಸಾಧನ ತಯಾರಿಸುವ ಕಂಪನಿಯ ಭವಿಷ್ಯವನ್ನು ಹೀಗೆ ಉಡಾವಣೆಯ ಪಂಚಾಂಗ ನೋಡಿ ಹೇಳುವುದು ತಪ್ಪು ಲೆಕ್ಕ. ಅಂಥ ಕಂಪನಿಯ ಹಣೆಬರಹ ಬೀದರ್ ಜಿಲ್ಲೆಯ ಔರಾದ್, ಭಾಲ್ಕಿಯಂಥ ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ತೀರ್ಮಾನವಾಗುತ್ತದೆ.

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಜೇಬಿನ ಮೊಬೈಲು ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ. ಅಂದರೆ ಗುಂಟೆಯಲ್ಲಿ ಮೂರನೇ ಒಂದು ಪಾಲು ಪಕ್ಕದವನ ಹೊಲಕ್ಕೆ ಹೋಯಿತು. ಊರಿಗೆ ದಾರಿ ಹುಡುಕಲು ಅಷ್ಟು ಸಾಕು, ಅಣ್ಣತಮ್ಮಂದಿರ ನಡುವಿನ ಹದ್ದುಬಸ್ತಿಗೆ ಸಾಲದು. ಸರಪಳಿ ಹಿಡಿಯುತ್ತಿದ್ದ ಭೂಮಾಪಕರಿಗೆ ರಾಜ್ಯ ಸರ್ಕಾರ ರೋವರ್ ಕೊಡತೊಡಗಿರುವುದು ಇದಕ್ಕೇ. ಕೋಲಿನ ತುದಿಗೆ ಅಣಬೆಯಂಥ ಆಂಟೆನಾ, ಕೆಳಗೆ ನೆಲಕ್ಕೂರುವ ಮೊನೆ, ಜೊತೆಗೊಂದು ಟ್ಯಾಬ್. ತನ್ನ ಜಾಗ ಖಚಿತವಾಗಿ ಗೊತ್ತಿರುವ ಸ್ಥಿರ ಕೇಂದ್ರವೊಂದು, ಉಪಗ್ರಹದ ಲೆಕ್ಕ ಎಷ್ಟು ತಪ್ಪಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಮೊಬೈಲ್ ಡೇಟಾದಲ್ಲಿ ಕಳಿಸುತ್ತದೆ. ಆ ತಿದ್ದುಪಡಿ ಸಿಕ್ಕರೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಬೀದರ್ ನಗರಕ್ಕೆ ಅಂಟಿಕೊಂಡೇ ವಾಯುಪಡೆಯ ನೆಲೆ ಇರುವುದರಿಂದ ಅಲ್ಲಿ ಡ್ರೋನ್ ಅನ್ನು ಮನಬಂದಂತೆ ಹಾರಿಸುವಂತಿಲ್ಲ. ಹಾಗಾಗಿ ನೆಲದ ಮೇಲೆ ನಿಂತು ಅಳೆಯುವ ಸಾಧನಕ್ಕೆ ಬೆಲೆ ಇನ್ನೂ ಹೆಚ್ಚು. ಪೋಡಿ, ಪಾಲು, ಬದುವಿನ ತಕರಾರು ಮುಗಿಯುವ ಕಾಲ ಯಾವತ್ತೂ ಬಾರದಿರುವುದರಿಂದ ಭೂಮಾಪಕನೆಂಬ ಈ ಗಿರಾಕಿ ಖಾಯಂ. ಆದರೆ ಅವನಿಗೆ ಪೆಟ್ಟಿಗೆಯಲ್ಲಿ ಬಂದ ಸಾಧನವಷ್ಟೇ ಸಾಲದು. ಗಡಿಯ ಹಳ್ಳಿಯಲ್ಲಿ ಡೇಟಾ ಕೈಕೊಟ್ಟರೆ ಏನು ಮಾಡಬೇಕು? ಬ್ಯಾಟರಿ ಸತ್ತರೆ ಬೀದರ್‌ನಲ್ಲೇ ಬದಲಿಸಿಕೊಡುವವರು ಯಾರು? ಪ್ರತಿ ಸಲ ಬೆಂಗಳೂರಿಗೆ ಕೊರಿಯರ್ ಮಾಡಬೇಕೆಂದರೆ ರೋವರ್ ಕಬ್ಬಿಣದ ಬೀರು ಸೇರುತ್ತದೆ, ಸರಪಳಿ ಹೊರಗೆ ಬರುತ್ತದೆ.

ಉಪಗ್ರಹವೇ ಸರಿಯಿಲ್ಲದಿದ್ದರೆ ಸಾಧನ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2013ರಿಂದ 11 ಉಪಗ್ರಹ ಹಾರಿಸಿದ ಮೇಲೂ 2025ರ ಜುಲೈ ವೇಳೆಗೆ ಜಾಗ ಹೇಳುವ ಕೆಲಸಕ್ಕೆ ಉಳಿದದ್ದು ನಾಲ್ಕೇ. ಆದರೂ ಇಂದಿನ ಒಳ್ಳೆಯ ರಿಸೀವರ್ ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ನಾವಿಕ್ ಎಡವಿದರೂ ಭಾಲ್ಕಿಯ ಅಳತೆ ನಿಲ್ಲದು. ಸೇನೆಯ ಮಾತು ಬೇರೆ, ಅಲ್ಲಿ ಪರರ ಸಂಕೇತ ನಂಬಿ ಕೂರಲಾಗದು. ಉಳಿದ ಕಡೆ ಇದು ಸಮಾಧಾನವೂ ಹೌದು, ಅಪಾಯವೂ ಹೌದು. ಹೊರಗಿನ ಕಂಪನಿಯ ರೋವರ್ ಕೂಡ ಅದೇ ಕೆಲಸ ಮಾಡುತ್ತದಲ್ಲ!

ಸರ್ಕಾರ ಕಡ್ಡಾಯ ಮಾಡಿದರೆ ಮಾರಾಟ ಗ್ಯಾರಂಟಿ ಎನ್ನುವವರು 2019ರಿಂದ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಬಂದ ಟ್ರ್ಯಾಕಿಂಗ್ ಸಾಧನದ ನಿಯಮವನ್ನು ತೋರಿಸುತ್ತಾರೆ. ಕರ್ನಾಟಕದಲ್ಲಿ ಹಳೆಯ ವಾಹನಗಳಿಗೂ ಅದನ್ನು ಕಡ್ಡಾಯ ಮಾಡಿದಾಗ ಮಾಲೀಕರು ಬೆಲೆಯ ಬಗ್ಗೆ ತಕರಾರು ತೆಗೆದರು, ಗಡುವು ಮುಂದೆ ಹೋಯಿತು. ಒಂದೇ ನಮೂನೆಯ ಡಬ್ಬಿಯನ್ನು ಹತ್ತಾರು ಜನ ಮಾರುವಾಗ ಲಾಭ ಸವೆಯದೆ ಇರುವುದಿಲ್ಲ. ಮೊಬೈಲ್ ಮಾರುಕಟ್ಟೆಯ ಆಸೆಯೂ ಅಷ್ಟೆ: 2023ರ ಐಫೋನ್ 15 ಪ್ರೊ ನಾವಿಕ್ ಹಿಡಿಯುತ್ತದೆ ಎಂದು ಸಂಭ್ರಮಿಸಿದೆವು, ಆದರೆ ಅದರ ಹಣ ಹೋಗುವುದು ಚಿಪ್ ಮಾಡುವವನಿಗೆ. 2009ರ ಅಕ್ಟೋಬರ್‌ನಲ್ಲಿ ಗೂಗಲ್ ದಾರಿ ತೋರುವ ಉಚಿತ ಸೇವೆ ತಂದಾಗ ಕಾರಿಗೆ ನಕ್ಷೆಯ ಸಾಧನ ಮಾರುತ್ತಿದ್ದ ಗಾರ್ಮಿನ್, ಟಾಮ್‌ಟಾಮ್ ಷೇರುಗಳು ಕುಸಿದವು. ಗಾರ್ಮಿನ್ ಚೇತರಿಸಿಕೊಂಡದ್ದು ವಿಮಾನ, ದೋಣಿ, ಕೈಗಡಿಯಾರದಂಥ ತನ್ನದೇ ಗಿರಾಕಿಗಳನ್ನು ಬಿಗಿಹಿಡಿದು. ನಮ್ಮ ತಯಾರಕರಿಗೆ ಅಂಥ ಗಿರಾಕಿ ಸರ್ವೆಯವರು; ಹಣ ಕೊಡುವುದು ಮಾತ್ರ ಖಜಾನೆ, ಅದು ಕೊಡುವುದು ತನ್ನ ವೇಳೆಗೆ. ಹಾಗಾಗಿ ಈ ಕ್ಷೇತ್ರದ ಷೇರು ಕೊಳ್ಳಲು ಹೊರಟವರು ವಾರ್ಷಿಕ ವರದಿಯಲ್ಲಿ ರಾಕೆಟ್ಟಿನ ಚಿತ್ರವಿರುವ ಪುಟ ಮಗುಚಿ, ಇಲಾಖೆಗಳಿಂದ ಬರಬೇಕಾದ ಬಾಕಿ ಎಷ್ಟು ತಿಂಗಳದ್ದು, ದುರಸ್ತಿ ಮತ್ತು ಸೇವೆಯಿಂದ ಬಂದ ಆದಾಯ ಎಷ್ಟು ಎಂಬ ಸಾಲನ್ನು ಮೊದಲು ಓದಿ.