ಕೆಂಪಾಗಿ ಹರಿಯುವ ಹಳ್ಳಕ್ಕೆ ಉತ್ತರ ಹೇಳುವವರು ಯಾರು?

ಮೇ ತಿಂಗಳು ಬಂತೆಂದರೆ ಮಲೆನಾಡಿನ ಕಣಿವೆಗಳಲ್ಲಿ ಯಂತ್ರಗಳ ಸದ್ದೇಳುತ್ತದೆ. ಹೊಸದಾಗಿ ಅಡಿಕೆ ಸಸಿ ನೆಡುವವರು ಗುಡ್ಡದ ಓರೆಯನ್ನು ಬುಡಮೇಲು ಮಾಡಿಸುತ್ತಾರೆ. ಹಳೆಯ ತೋಟವುಳ್ಳವರು ಮರಗಳ ನಡುವೆ ಟಿಲ್ಲರ್ ಓಡಿಸುತ್ತಾರೆ. ಹುಲ್ಲು, ತರಗೆಲೆ ಒಂದೂ ಉಳಿಯದೆ ನೆಲ ಬೆತ್ತಲಾದಾಗ ನೋಡಿದವರು ‘ತೋಟ ಹಸನಾಯಿತು’ ಎನ್ನುತ್ತಾರೆ. ಜೂನ್‌ನ ಮೊದಲ ಜಡಿಮಳೆಗೆ ಹಳ್ಳ ಕೆಂಪಾಗಿ ಹರಿದಾಗ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಉತ್ತು ಹದ ಮಾಡುವುದು ಬಯಲುಸೀಮೆಯ ವಿವೇಕ. ಅಲ್ಲಿ ಮಳೆ ಅಪರೂಪ, ನೆಲ ಸಮತಟ್ಟು; ಬಿದ್ದ ಹನಿಯನ್ನು ಹಿಡಿದಿಡಲು ರೈತ ಮಣ್ಣನ್ನು ಸಡಿಲಿಸುತ್ತಾನೆ. ಘಟ್ಟದ ಅನೇಕ ಊರುಗಳಲ್ಲಿ ನಾಲ್ಕೇ ತಿಂಗಳಲ್ಲಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಳಿಜಾರಿನಲ್ಲಿ ಮಣ್ಣನ್ನು ಸಡಿಲಿಸಿಡುವುದೆಂದರೆ ಹೊತ್ತೊಯ್ಯಲು ಬರುವವನಿಗೆ ಮೂಟೆ ಕಟ್ಟಿಟ್ಟಂತೆ.

ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲಿಂದ ಕೇವಲ ಒಂದು ಮಿಲಿಮೀಟರ್ ಮಣ್ಣು ತೊಳೆದುಹೋದರೆ ಅದು ಸುಮಾರು 4 ಘನಮೀಟರ್; ತೂಕದಲ್ಲಿ ಸುಮಾರು 5 ಟನ್. ಕಣ್ಣಿಗೆ ಕಾಣದ ಈ ನಷ್ಟದೊಂದಿಗೆ ನಾವು ಹಾಕಿದ ಗೊಬ್ಬರವೂ ಹೋಗುತ್ತದೆ. ಹೋದ ಮೇಲ್ಮಣ್ಣು ಮತ್ತೆ ಹುಟ್ಟಲು ನಮ್ಮ ಆಯುಷ್ಯ ಸಾಲದು.

‘ಮಣ್ಣು ಸಡಿಲವಾಗದೆ ಸಸಿ ಬೇರೂರುವುದು ಹೇಗೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಡಿಕೆ ಸಸಿಗೆ ಒಂಬತ್ತು ಅಡಿ ಅಂತರದಲ್ಲಿ ಮೂರು ಅಡಿ ಉದ್ದಗಲದ ಗುಂಡಿ ತೆಗೆಯುವುದು ವಾಡಿಕೆ. ಅಂದರೆ ಅಗೆಯಬೇಕಾದದ್ದು ನೆಲದ ಒಂಬತ್ತನೆಯ ಒಂದು ಪಾಲು ಮಾತ್ರ. ಉಳಿದ ಎಂಟು ಪಾಲನ್ನು ಬುಡಮೇಲು ಮಾಡುವುದು ಯಾವ ಸಸಿಯ ಸುಖಕ್ಕಾಗಿ?

ಹಳೆಯ ತೋಟದ ಉಳುಮೆಯಂತೂ ಇನ್ನೂ ಅನರ್ಥಕಾರಿ. ಅಡಿಕೆಗೆ ತಾಯಿಬೇರಿಲ್ಲ, ಅದರ ನಾರುಬೇರುಗಳು ಬಹುಪಾಲು ಬುಡದ ಸುತ್ತಲಿನ ಮೇಲುಪದರದಲ್ಲೇ ಹರಡಿರುತ್ತವೆ. ಟಿಲ್ಲರಿನ ಅಲಗು ಮೊದಲು ತುಂಡರಿಸುವುದು ಅವುಗಳನ್ನೇ. ಕಾಳುಮೆಣಸಿನ ಬೇರಿಗೆ ಗಾಯವಾದರೆ ಸೊರಗು ರೋಗಕ್ಕೆ ಬಾಗಿಲು ತೆರೆದಂತೆ. ಕಳೆ ಹೋಗುತ್ತದೆಂಬ ನಂಬಿಕೆಯೂ ಅರ್ಧಸತ್ಯ: ಆಳದಲ್ಲಿ ಮಲಗಿದ್ದ ಕಳೆಬೀಜಗಳನ್ನು ಬೆಳಕಿಗೆ ತಂದು ಎಬ್ಬಿಸುವುದೂ ಉಳುಮೆಯೇ.

ಈ ಪಾಠವನ್ನು ಜಗತ್ತು ದುಬಾರಿ ಬೆಲೆ ತೆತ್ತು ಕಲಿತಿದೆ. ಅಮೆರಿಕದ ಹುಲ್ಲುಗಾವಲನ್ನು ಎಡೆಬಿಡದೆ ಉತ್ತದ್ದರ ಫಲವಾಗಿ 1930ರ ದಶಕದ ಬರಗಾಲದಲ್ಲಿ ಹೊಲಗಳೇ ಧೂಳಾಗಿ ಹಾರಿಹೋದವು. ಸಾವಿರಾರು ಕುಟುಂಬಗಳು ಗುಳೆ ಎದ್ದವು. 1943ರಲ್ಲಿ ಎಡ್ವರ್ಡ್ ಫಾಕ್ನರ್ ನೇಗಿಲನ್ನೇ ಪ್ರಶ್ನಿಸಿ ಪುಸ್ತಕ ಬರೆದರು. ಜಪಾನಿನ ಮಸನೊಬು ಫುಕುವೋಕಾ ಉಳದೆಯೇ ದಶಕಗಳ ಕಾಲ ಬೆಳೆ ತೆಗೆದು ತೋರಿಸಿದರು. ನಮ್ಮ ಹಿರಿಯರಿಗೆ ಇದು ಪುಸ್ತಕದ ವಿಷಯವಾಗಿರಲಿಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ತಂದು ತೋಟಕ್ಕೆ ಹೊದಿಸುತ್ತಿದ್ದರು. ಆ ಹೊದಿಕೆಯಡಿ ಎರೆಹುಳುಗಳು ಕೂಲಿ ಕೇಳದೆ ಉಳುತ್ತಿದ್ದವು.

ಕೂಲಿಯಾಳುಗಳಿಲ್ಲ, ಯಂತ್ರವಿಲ್ಲದೆ ಕೃಷಿ ಸಾಗದು ಎಂಬ ಸಂಕಟ ನಮಗೆ ತಿಳಿಯದ್ದಲ್ಲ. ಅದು ನಮ್ಮೆಲ್ಲರ ಮನೆಯ ಸಂಕಟ. ಆದರೆ ಉಳದಿದ್ದರೆ ಉಳಿಯುವುದು ಖರ್ಚೇ ಅಲ್ಲವೇ? ಗುಂಡಿ ತೋಡಲು ಯಂತ್ರ ಬರಲಿ, ಹುಲ್ಲು ಸವರಲು ಯಂತ್ರ ಬರಲಿ. ಸವರಿದ ಹುಲ್ಲು ಅಲ್ಲಿಯೇ ಹಾಸಾಗಲಿ. ಸಾಲುಗಳು ಗುಡ್ಡಕ್ಕೆ ಅಡ್ಡಲಾಗಿರಲಿ. ಮಳೆಗೆ ಮುನ್ನ ಬಸಿಗಾಲುವೆಯ ಹೂಳು ತೆಗೆಯೋಣ. ಬೆತ್ತಲಾದ ಜಾಗಕ್ಕೆ ಅಲಸಂದೆ ಎರಚೋಣ. ಉಳಬಾರದೆಂದರೆ ಕಳೆನಾಶಕ ಹೊಡೆಯಬೇಕೆಂದು ಯಾರೂ ಅರ್ಥೈಸದಿರಲಿ. ವಿಷದಿಂದ ಬೋಳಾದ ನೆಲವೂ ಬೆತ್ತಲೆಯೇ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವಿದೆ. ಮೊದಲ ದೊಡ್ಡ ಮಳೆಯ ದಿನ ಉತ್ತ ತೋಟದಿಂದ ಹರಿದುಬರುವ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ, ಹೊದಿಕೆಯಿರುವ ತೋಟದ ನೀರನ್ನು ಇನ್ನೊಂದರಲ್ಲಿ ಹಿಡಿಯಿರಿ. ಒಂದು ರಾತ್ರಿ ಕದಲಿಸದೆ ಇಟ್ಟು, ಬೆಳಿಗ್ಗೆ ತಳದಲ್ಲಿ ಕೂತ ಮಣ್ಣನ್ನು ಅಳೆಯಿರಿ. ಆ ಎರಡು ಬಾಟಲಿಗಳನ್ನು ನಿಮ್ಮ ಮನೆಯ ಜಗಲಿಯ ಮೇಲೆ, ಹಿರಿಯರ ಕಣ್ಣಿಗೆ ಬೀಳುವಂತೆ ಇಡಿರಿ. ಮುಂದಿನ ಮೇ ತಿಂಗಳಲ್ಲಿ ಟಿಲ್ಲರ್ ತರಿಸುವ ಮಾತು ಬಂದಾಗ ಅವು ನಮಗಿಂತ ಚೆನ್ನಾಗಿ ವಾದಿಸುತ್ತವೆ.