‘ಗೇರಿಲ್ಲದ ಗಾಡಿ’ ಕೊಳ್ಳುವ ಮುನ್ನ

ಹೆದ್ದಾರಿಗಳಿಗೆ ಹೊಸ ಅಂಕೆಗಳು ಬರುವ ಮೊದಲು 13ನೇ ರಾಷ್ಟ್ರೀಯ ಹೆದ್ದಾರಿಯು ಸೊಲ್ಲಾಪುರದಲ್ಲಿ ಹೊರಟು, ವಿಜಯಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳನ್ನು ಹಾದು, ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಸನ್ನಿಧಿಗೆ ಕಾರಿನಲ್ಲಿ ಹೋಗುವ ನಮ್ಮ ಕಡೆಯವರಿಗೆ ಇಂದಿಗೂ ಅದು ಪರಿಚಿತ ದಾರಿ. ಆ ದಾರಿಯ ಕೊನೆಯಲ್ಲಿ ಕಂಡ ಒಂದು ಸಂಗತಿ ಈ ಲೇಖನಕ್ಕೆ ಕಾರಣವಾಯಿತು.

ಸೊಲ್ಲಾಪುರದಲ್ಲಿರುವ ಕನ್ನಡಿಗ ಸ್ನೇಹಿತರೊಬ್ಬರು ಹೊಸದಾಗಿ ಒಂದು ಕಾಂಪ್ಯಾಕ್ಟ್ ಎಸ್‌ಯುವಿ ಕೊಂಡಿದ್ದರು. ಅದರಲ್ಲೇ ಅಕ್ಕಲಕೋಟೆಗೆ ಹೊರಟೆವು; ಸುಮಾರು 40 ಕಿಲೋಮೀಟರು. ‘ಗೇರ್ ಹಾಕೋ ತ್ರಾಸ ಇಲ್ರೀ, ಆಟೋಮ್ಯಾಟಿಕ್ ಐತಿ’ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಗುರುವಾರ, ಮೇಲಾಗಿ ಸುಡುಬೇಸಗೆ. ಊರು ಹತ್ತಿರವಾಗುತ್ತಲೇ ವಾಹನಗಳ ಸಾಲು ಮೊಳ ಮೊಳ ಸರಿಯತೊಡಗಿತು. ಅರ್ಧ ಗಂಟೆಯಲ್ಲಿ ಗೇರ್‌ಪೆಟ್ಟಿಗೆ ಕಾದಿದೆಯೆಂಬ ಎಚ್ಚರಿಕೆ ಎದುರಿನ ಫಲಕದಲ್ಲಿ ಮೂಡಿತು. ಗಾಡಿಯನ್ನು ಬದಿಗೆ ನಿಲ್ಲಿಸಿ, ಸ್ನೇಹಿತರ ವೃದ್ಧ ತಾಯಿಯನ್ನು ಬೇವಿನ ಮರದ ನೆರಳಿನಲ್ಲಿ ಕೂರಿಸಬೇಕಾಯಿತು. ಮರುದಿನ ಮಾರಾಟಗಾರರಲ್ಲಿ ವಿಚಾರಿಸಿದಾಗ ಸಿಕ್ಕಿದ ಉತ್ತರ: ‘ಗಾಡಿಯಲ್ಲಿ ದೋಷವಿಲ್ಲ, ಇದು ಡಿಸಿಟಿ, ಓಡಿಸುವ ಕ್ರಮ ಬೇರೆ.’

ಇರಬಹುದು. ಆದರೆ ಹಣ ಕಟ್ಟಿಸಿಕೊಳ್ಳುವಾಗ ಈ ಮಾತು ಯಾಕೆ ಹೊರಬರಲಿಲ್ಲ?

‘ಆಟೋಮ್ಯಾಟಿಕ್’ ಎಂಬುದು ಒಂದೇ ಸರಕಲ್ಲ ಎಂಬುದನ್ನು ಗಿರಾಕಿ ಮೊದಲು ತಿಳಿಯಬೇಕು. ನಾಲ್ಕು ಮೀಟರಿನೊಳಗಿನ ಗಾಡಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ಮೊದಲನೆಯದು ಎಎಂಟಿ. ಇದು ಹಳೆಯ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮಲ್ಲಿ ಜನಪ್ರಿಯವಾಯಿತು. ಬೆಲೆ ಕಡಿಮೆ, ಇಂಧನ ಖರ್ಚು ಕೈಗೇರಿನಷ್ಟೇ; ಆದರೆ ಗೇರ್ ಬದಲಾಗುವಾಗ ಸಣ್ಣ ತಡೆ, ತಲೆದೂಗು. ಎರಡನೆಯದು ಟಾರ್ಕ್ ಕನ್ವರ್ಟರ್. ಇದರಲ್ಲಿ ಇಂಜಿನಿನ ಶಕ್ತಿ ಎಣ್ಣೆಯ ಮೂಲಕ ಗೇರ್‌ಪೆಟ್ಟಿಗೆಗೆ ಸಾಗುತ್ತದೆ. ಹಳೆಯ ವಿದ್ಯೆ, ಸಂದಣಿಯಲ್ಲಿ ಬಹಳ ಸಹನೆ; ಇಂಧನ ತುಸು ಹೆಚ್ಚು ಬೇಡುತ್ತದೆ. ಮೂರನೆಯದು ಸಿವಿಟಿ. ಹಿಗ್ಗಿ ಕುಗ್ಗುವ ಎರಡು ರಾಟೆಗಳು, ನಡುವೆ ಒಂದು ಪಟ್ಟಿ. ಪೇಟೆಯಲ್ಲಿ ಬೆಣ್ಣೆಯಂತೆ ಸಾಗುತ್ತದೆ. ಏರಿನಲ್ಲಿ ಒತ್ತಿದರೆ ವೇಗಕ್ಕಿಂತ ಸದ್ದು ಮುಂದೆ ಹೋಗುತ್ತದೆ. ನಾಲ್ಕನೆಯದು ಡಿಸಿಟಿ. ಎರಡು ಕ್ಲಚ್ಚುಗಳು, ಒಂದು ಗೇರ್ ನಡೆಯುತ್ತಿರುವಾಗಲೇ ಇನ್ನೊಂದು ಸಿದ್ಧ. ಹೆದ್ದಾರಿಯಲ್ಲಿ ಇದರ ಚುರುಕೇ ಚುರುಕು. ಆದರೆ ತೆವಳುವ ಸಾಲಿನಲ್ಲಿ ಕ್ಲಚ್ ಜಾರಿ ಜಾರಿ ಕಾಯುತ್ತದೆ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಾದರೆ ಇನ್ನೂ ಬೇಗ. ಇವಲ್ಲದೆ ಐಎಂಟಿ ಎಂಬುದೊಂದಿದೆ: ಕ್ಲಚ್ಚಿನ ಪೆಡಲಿಲ್ಲ, ಗೇರ್ ಮಾತ್ರ ನಾವೇ ಹಾಕಬೇಕು. ಅದನ್ನು ಆಟೋಮ್ಯಾಟಿಕ್ ಎಂದು ಭ್ರಮಿಸಬಾರದು.

ಹೆಸರುಗಳ ಗೊಂದಲ ಬೇರೆ. ಮಾರುತಿಯವರು ಎಜಿಎಸ್ ಎನ್ನುವುದು ಎಎಂಟಿಯನ್ನೇ. ಟಾಟಾದವರ ಡಿಸಿಎ ಎಂದರೆ ಡಿಸಿಟಿಯೇ. ಒಂದೇ ಮಾದರಿಯಲ್ಲಿ ಇಂಜಿನ್ ಬದಲಾದರೆ ಗೇರ್‌ಪೆಟ್ಟಿಗೆಯೂ ಬದಲಾಗುವುದುಂಟು. ಆದುದರಿಂದ ನೆರೆಮನೆಯವರ ಗಾಡಿ ಚೆನ್ನಾಗಿದೆಯೆಂದು ಅದೇ ಹೆಸರಿನ ಗಾಡಿ ಕೊಂಡರೆ ಅದೇ ಪೆಟ್ಟಿಗೆ ಬರುತ್ತದೆಂದು ನಂಬುವಂತಿಲ್ಲ.

ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಮ್ಮ ಉತ್ತರ: ನಿಮ್ಮ ದಾರಿ ಯಾವುದು? ಸೊಲ್ಲಾಪುರದ್ದು ಬಯಲುಸೀಮೆ. ಅಲ್ಲಿ ಏರಿಳಿತದ ಕಾಟವಿಲ್ಲ. ಬಿಸಿಲು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ನೂಕುನುಗ್ಗಲು, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದಿನ ಆಮೆನಡೆ, ಇವೇ ಪರೀಕ್ಷೆ. ಅಲ್ಲಿಗೆ ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಒಪ್ಪುತ್ತದೆ. ನಮ್ಮಲ್ಲಾದರೆ ತೋಟದ ಮನೆಯ ಕಡಿದಾದ ಏರು, ಮಳೆಗಾಲದ ಜಾರುಮಣ್ಣು. ಇಲ್ಲಿ ಎಎಂಟಿ ಕೊಳ್ಳುವವರು ಏರಿನಲ್ಲಿ ಗಾಡಿಯನ್ನು ಹಿಂದೆ ಜಾರಗೊಡದೆ ಹಿಡಿಯುವ ವ್ಯವಸ್ಥೆ ಇದೆಯೇ ಎಂದು ಮೊದಲು ಕೇಳಬೇಕು. ಒಂಟಿಯಾಗಿ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಒಪ್ಪಿಗೆ ಕೊಡಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿ, ನಿಮ್ಮದೇ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಹಿಂದಕ್ಕೂ ಏರಿಸಿ ನೋಡಿ.

ಕೊಂಡ ಮೇಲೂ ಕೆಲವು ನಿಯಮಗಳುಂಟು. ಏರಿನಲ್ಲಿ ಗಾಡಿಯನ್ನು ಬ್ರೇಕಿನಿಂದ ನಿಲ್ಲಿಸಬೇಕು, ಆಕ್ಸಿಲರೇಟರಿನಿಂದಲ್ಲ. ಸಾಲಿನಲ್ಲಿ ಎದುರಿನ ವಾಹನ ನಾಲ್ಕು ಮಾರು ಹೋಗಲಿ, ಆಮೇಲೆ ಒಮ್ಮೆಲೇ ಹೋಗಿ. ಎಎಂಟಿ, ಡಿಸಿಟಿಗಳ ಆಯುಸ್ಸು ಅರ್ಧ ಇರುವುದು ಇಲ್ಲಿಯೇ. ಘಟ್ಟ ಇಳಿಯುವಾಗ ನ್ಯೂಟ್ರಲ್ ಎಂದಿಗೂ ಬೇಡ. ಗೇರನ್ನು ಕೈಯಿಂದ ಕೆಳಗಿಳಿಸುವ ಸೌಕರ್ಯ ಬಳಸಿ. ಬ್ಯಾಟರಿ ಸತ್ತರೆ ಇವನ್ನು ನೂಕಿ ಸ್ಟಾರ್ಟ್ ಮಾಡುವಂತಿಲ್ಲ. ರಿಪೇರಿಯ ಮಾತು ಬಂದರೆ ಕೈಗೇರಿನ ಕ್ಲಚ್ ಪ್ಲೇಟನ್ನು ಯಾವ ಊರಿನ ಮೇಸ್ತ್ರಿಯೂ ಬದಲಿಸಬಲ್ಲ. ಡಿಸಿಟಿ ಬಿಚ್ಚಲು ದೊಡ್ಡ ಪೇಟೆಗೇ ಹೋಗಬೇಕು. ಸಾಲದ ಕಂತು ಲೆಕ್ಕ ಹಾಕುವವರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಲೇಸು.

2025ರ ಸೆಪ್ಟೆಂಬರ್ 22ರಿಂದ ಇಂತಹ ಸಣ್ಣ ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಮೊದಲ ಕಾರು ಕೊಳ್ಳುವ ಸಾಮಾನ್ಯ ಕುಟುಂಬಗಳು ಮಳಿಗೆಗಳತ್ತ ಮುಖಮಾಡಿವೆ. ಸರಕಿನ ಗುಣಮಟ್ಟ ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾನೂನು ಗಿರಾಕಿಗೆ ಕೊಟ್ಟಿದೆ. ಆದರೆ ತಿಳಿಯುವುದು ಯಾವ ಭಾಷೆಯಲ್ಲಿ? ನನ್ನ ಸ್ನೇಹಿತರಿಗೆ ಕೊಟ್ಟ ಕೈಪಿಡಿ ಇಂಗ್ಲಿಷಿನದು, ಮಳಿಗೆಯ ಮಾತು ಮರಾಠಿ. ಅವರ ಮನೆಮಾತು ಕನ್ನಡ. ಮರಾಠಿಯ ಜಾಗದಲ್ಲಿ ಮಲಯಾಳವನ್ನು ಇಟ್ಟರೆ ಇದು ನಮ್ಮದೇ ಕಥೆ.

ಇನ್ನೂರು ಪುಟಗಳ ಕೈಪಿಡಿಯನ್ನೆಲ್ಲ ಅನುವಾದಿಸಿ ಎಂದು ನಾವು ಕೇಳುತ್ತಿಲ್ಲ. ಈ ಗಾಡಿಯ ಗೇರ್‌ಪೆಟ್ಟಿಗೆ ಯಾವ ಬಗೆಯದು, ಸಾಲಿನಲ್ಲೂ ಏರಿನಲ್ಲೂ ಹೇಗೆ ಓಡಿಸಬೇಕು, ಅದರ ಎಣ್ಣೆ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಕ್ಲಚ್ ಸವೆದರೆ ವಾರಂಟಿ ಉಂಟೇ ಇಲ್ಲವೇ ಎಂಬ ನಾಲ್ಕು ಮಾತುಗಳನ್ನು ಒಂದೇ ಹಾಳೆಯಲ್ಲಿ, ಗಿರಾಕಿಯ ಭಾಷೆಯಲ್ಲಿ, ಮುಂಗಡ ಪಡೆಯುವ ಮೊದಲು ಕೊಟ್ಟರೆ ಸಾಕು. ಹತ್ತು ಲಕ್ಷದ ಸರಕು ಮಾರುವವರಿಗೆ ಒಂದು ಹಾಳೆ ಭಾರವಾಗಲಾರದು. ಅಲ್ಲಿಯವರೆಗೆ ಕೊಳ್ಳುವವರೇ ಬಾಯಿಬಿಟ್ಟು ಕೇಳಲಿ. ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಪಕ್ಕದ ಮಳಿಗೆಯ ಬಾಗಿಲೂ ತೆರೆದೇ ಇರುತ್ತದೆ.