ಊರಾಚೆ ಎಂಬುದು ಎಲ್ಲಿ?

ಹಾಸನದ ನಮ್ಮ ಬಡಾವಣೆಯಲ್ಲಿ ಮೊನ್ನೆ ಒಂದು ಮನವಿಪತ್ರ ಮನೆಯಿಂದ ಮನೆಗೆ ಸಂಚರಿಸುತ್ತಿತ್ತು. ಶಿಕ್ಷೆ ಮುಗಿಸಿ ಬಂದವರಿಗೂ ನ್ಯಾಯಾಲಯವು ಷರತ್ತಿನ ಮೇಲೆ ಬಿಟ್ಟವರಿಗೂ ಮನೋಚಿಕಿತ್ಸೆ ನೀಡುವ ಕೇಂದ್ರವೊಂದನ್ನು ಇಲ್ಲಿಯ ಬಾಡಿಗೆಮನೆಯೊಂದರಲ್ಲಿ ತೆರೆಯುವರೆಂಬ ಸುದ್ದಿ ಹಬ್ಬಿತ್ತು. ಅದು ಬೇಡವೆಂಬುದೇ ಮನವಿಯ ಸಾರ. ಪತ್ರವನ್ನು ತಂದ ನೆರೆಯವರು ಸಜ್ಜನರು. ಯಾರ ಮನೆಯಲ್ಲಿ ಕಾಯಿಲೆಯೆಂದರೂ ಮೊದಲು ಓಡುವವರು. "ಮೇಷ್ಟ್ರೇ, ಒಳ್ಳೇ ಕೆಲಸಾನೇ, ಯಾರು ಬೇಡ ಅಂದ್ರು? ಊರಾಚೆ ಮಾಡ್ಲಿ" ಎಂದರು. ಸಹಿ ಹಾಕಲು ಕೈ ಬರಲಿಲ್ಲ, ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಒಂದು ರಾತ್ರಿ ನನ್ನಲ್ಲಿರಲಿ ಎಂದೆ.

ನನ್ನಾಕೆ ಒಳಗಿನಿಂದಲೇ ಹೇಳಿದಳು: "ನಮ್ಮ ಹುಡುಗಿ ಸಂಜೆ ಪಾಠ ಮುಗಿಸ್ಕೊಂಡು ಆ ದಾರೀಲೇ ತಾನೇ ಬರ್ಬೇಕು? ಅದನ್ನ ಯೋಚ್ನೆ ಮಾಡಿ ಏನಾದ್ರೂ ಬರೀರಿ." ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವ ಬುದ್ಧಿವಂತಿಕೆ ನನಗೆ ಬೇಡ. ಪರರ ಮಕ್ಕಳ ವಿಷಯದಲ್ಲಿ ಉದಾರನಾಗುವುದು ಯಾರಿಗೂ ಕಷ್ಟವಲ್ಲ.

ಆದರೆ 'ಊರಾಚೆ' ಎಂಬ ಶಬ್ದ ಅಂದು ನಿದ್ರೆಗೆಡಿಸಿತು. ನಮ್ಮ ನಾಡು ಈ ಪ್ರಯೋಗವನ್ನು ಒಮ್ಮೆ ಮಾಡಿ ನೋಡಿದೆಯಷ್ಟೆ. ಬ್ರಿಟಿಷರು 1871ರಲ್ಲಿ ಜಾರಿಗೆ ತಂದ 'ಅಪರಾಧಿ ಬುಡಕಟ್ಟುಗಳ ಕಾಯಿದೆ'ಯ ಬಲದಿಂದ, ಮುಂದೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ 'ಸೆಟ್ಲಮೆಂಟು'ಗಳು ಎದ್ದವು: ವಿಜಯಪುರದಲ್ಲಿ, ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ. ಕೊರವರು, ಗಂಟಿಚೋರರು, ಹರಣಶಿಕಾರಿಗಳು ಮುಂತಾದವರನ್ನು ಹೆಂಡಿರು ಮಕ್ಕಳ ಸಮೇತ ತಂದು ತಂತಿಬೇಲಿಯೊಳಗಿರಿಸಿದರು. ಹಾಜರಿ ಕೊಡಬೇಕು, ಹೊರಗೆ ಹೋಗಲು ಚೀಟಿ ಬೇಕು. ಅದಕ್ಕೂ ಸುಧಾರಣೆಯೆಂದೇ ಹೆಸರು. ಶಾಲೆಯಿತ್ತು, ಕೆಲಸ ಕಲಿಸುವ ಏರ್ಪಾಡಿತ್ತು. ಅದನ್ನು ನಡೆಸಿದ ಅಧಿಕಾರಿಗಳೆಲ್ಲ ಕ್ರೂರಿಗಳೆಂದು ನಾನು ಹೇಳಲಾರೆ. 1952ರಲ್ಲಿ ಕಾಯಿದೆ ರದ್ದಾಯಿತು, ಬೇಲಿ ಹೋಯಿತು. ಅಂದು ಊರಾಚೆಯಾಗಿದ್ದುದು ಇಂದು ನಡುಹುಬ್ಬಳ್ಳಿ. ಆದರೂ ಆ ಬಡಾವಣೆಯನ್ನು ಜನ ಈಗಲೂ ಕರೆಯುವುದು ಸೆಟ್ಲಮೆಂಟ್ ಎಂದೇ.

ಹೋಲಿಕೆ ಪೂರ್ತಿ ಒಪ್ಪದು, ಬಲ್ಲೆ. ಆ ಜನ ಮಾಡಿದ ತಪ್ಪೆಂದರೆ ಅಲ್ಲಿ ಹುಟ್ಟಿದುದು. ನಮ್ಮ ಕೇಂದ್ರಕ್ಕೆ ಬರುವವರು ನಿಜವಾಗಿ ಯಾರಿಗೋ ನೋವು ಕೊಟ್ಟವರು. ಹೋಲುವುದು ಒಂದೇ: ದೂರವಿಟ್ಟರೆ ಕ್ಷೇಮವೆಂಬ ನಮ್ಮ ನಂಬಿಕೆ. ಈ ನಂಬಿಕೆಯನ್ನು ಪರೀಕ್ಷಿಸಿದವರುಂಟು. ಅಮೆರಿಕದ ಮಿನೆಸೋಟ ರಾಜ್ಯದ ಬಂದೀಖಾನೆ ಇಲಾಖೆ 2007ರಲ್ಲಿ, ಲೈಂಗಿಕ ಅಪರಾಧವನ್ನು ಮತ್ತೆ ಮಾಡಿ ಸೆರೆಮನೆಗೆ ಮರಳಿದ 224 ಮಂದಿಯ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿತು. ಶಾಲೆ, ಆಟದ ಬಯಲುಗಳಿಂದ ಇಷ್ಟು ಅಡಿ ದೂರ ವಾಸಿಸತಕ್ಕದ್ದು ಎಂಬ ನಿಯಮ ಅವುಗಳಲ್ಲಿ ಒಂದನ್ನಾದರೂ ತಡೆಯುತ್ತಿತ್ತೆಂದು ಕಂಡುಬರಲಿಲ್ಲ. ನಮ್ಮಲ್ಲಿಯೂ ರಾಷ್ಟ್ರೀಯ ಅಪರಾಧ ದಾಖಲಾತಿ ಸಂಸ್ಥೆಯ ವರದಿಗಳು ವರ್ಷವರ್ಷವೂ ಒಂದೇ ಮಾತನ್ನು ಹೇಳುತ್ತಿವೆ: ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಆರೋಪಿಯು ಹೆಣ್ಣಿಗೆ ಪರಿಚಿತನೇ. ಬಂಧು, ನೆರೆಯವ, ಕೆಲಸ ಕೊಟ್ಟವ. ಅವನನ್ನು ತಡೆಯಲು ನಮ್ಮ ಬಡಾವಣೆಯಲ್ಲಿ ಯಾವ ಮನವಿಪತ್ರವೂ ಸಂಚರಿಸಿಲ್ಲ.

ಇನ್ನೊಂದು ಸಂಗತಿ. ಊರಾಚೆಯೂ ಬಯಲಲ್ಲ. ಅಲ್ಲಿ ಕೂಲಿಯವರ ಮನೆಗಳಿವೆ. ಕತ್ತಲಾದ ಮೇಲೆ ಬೀದಿದೀಪವಿಲ್ಲದ ದಾರಿಯಲ್ಲಿ ನಡೆದು ಬರುವ ಅವರ ಹೆಣ್ಣುಮಕ್ಕಳಿದ್ದಾರೆ. ಅವರ ಸಹಿಯನ್ನು ಕೇಳಲು ಯಾರೂ ಹೋಗಲಾರರು.

ಹಾಗಾದರೆ ನಮ್ಮ ಜನಕ್ಕೆ ಕರುಣೆಯೇ ಇಲ್ಲವೆ? ಇಲ್ಲವೆನ್ನಲಾಗದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಕುಡಿದು ಹೆಂಡತಿಯನ್ನು ಬಡಿದವನೂ ಅಲ್ಲಿ ಬಂದು ಕೂರುತ್ತಾನೆ. ಅದು ನಡೆಯುವುದು ಊರೊಳಗಿನ ಸಮುದಾಯ ಭವನದಲ್ಲಿ. ಅಡಿಗೆಗೆ ಊರವರೇ ಕೈಗೂಡಿಸುತ್ತಾರೆ. ಅದನ್ನು ಆಚೆಗೊಯ್ಯಿರೆಂದು ಯಾರಾದರೂ ಕೂಗಿದುದನ್ನು ನಾನು ಕೇಳಿಲ್ಲ. ಅವನು ನಮ್ಮವನು, ಹೆಸರು ಗೊತ್ತು, ತಾಯಿ ಗೊತ್ತು. ಕೇಂದ್ರಕ್ಕೆ ಬರುವವನಿಗೆ ಹೆಸರಿಲ್ಲ. (ತರಗತಿಯಲ್ಲಿ 'ವಡ್ಡಾರಾಧನೆ'ಯ ವಿದ್ಯುಚ್ಚೋರನ ಕಥೆಯನ್ನು ಹೇಳುವಾಗ, ಕಳ್ಳನು ರಿಸಿಯಾದನೆಂದು ನಾನೂ ನನ್ನ ವಿದ್ಯಾರ್ಥಿಗಳೂ ಎಷ್ಟು ಸಂತೋಷದಿಂದ ತಲೆದೂಗುತ್ತೇವೆ! ಅವನು ನಮ್ಮ ಪಕ್ಕದ ಬೀದಿಗೆ ಬಂದವನಲ್ಲ.)

ಕೇಂದ್ರವನ್ನು ತೆರೆಯಹೊರಟವರ ತಪ್ಪೂ ಸಣ್ಣದಲ್ಲ. ಮನೆಯನ್ನು ಸದ್ದಿಲ್ಲದೆ ಗೊತ್ತುಮಾಡಿ, ಬೀಗದ ಕೈ ಪಡೆದ ಮೇಲೆ ಸುದ್ದಿ ಹೊರಬಿದ್ದರೆ ಯಾರಿಗೆ ಸಂಶಯ ಬಾರದು? ಗುಟ್ಟಾಗಿ ತಂದದ್ದು ಒಳ್ಳೆಯದಿದ್ದರೂ ಕಳವಿನ ಮಾಲಿನಂತೆಯೇ ಕಾಣುತ್ತದೆ. ಚಿಕಿತ್ಸೆ ಪಡೆಯುವವನ ಹೆಸರು ಗೋಪ್ಯವಾಗಿರಲಿ, ಚಿಕಿತ್ಸಾಲಯವೇ ಗೋಪ್ಯವಾಗಿರಬೇಕೆ?

ಬೆಳಗ್ಗೆ ಪತ್ರವನ್ನು ಹಿಂದಿರುಗಿಸಿದೆ. ಸಹಿಯ ಜಾಗದಲ್ಲಿ ನನ್ನ ಹೆಸರಿನ ಕೆಳಗೆ ಮೂರು ಪ್ರಶ್ನೆಗಳನ್ನು ಬರೆದಿದ್ದೆ. ಅಲ್ಲಿಗೆ ಯಾರನ್ನು ಕಳುಹಿಸಬೇಕೆಂದು ನಿರ್ಣಯಿಸುವವರು ಯಾರು? ರಾತ್ರಿ ಹೊತ್ತು ಅಲ್ಲಿ ಯಾರಿರುತ್ತಾರೆ? ತಿಂಗಳಿಗೊಮ್ಮೆ ನಾವು ನಾಲ್ವರು ಹೋಗಿ ಕೇಳಿದರೆ ಉತ್ತರ ಕೊಡುವವರಾರು? ನೆರೆಯವರು ಕನ್ನಡಕ ಏರಿಸಿ ಓದಿದರು. "ಏನ್ ಮೇಷ್ಟ್ರೇ, ಇದನ್ನೂ ಉತ್ತರಪತ್ರಿಕೆ ಅಂದ್ಕೊಂಡ್ರಾ?" ಎಂದು ನಕ್ಕರು. ಆದರೂ ಹಾಳೆಯನ್ನು ಹರಿಯಲಿಲ್ಲ. ಮಡಿಸಿ ಜೇಬಿನಲ್ಲಿಟ್ಟುಕೊಂಡು ಮುಂದಿನ ಮನೆಯ ಗೇಟು ತೆರೆದರು. ಆ ಬಾಡಿಗೆಮನೆಗೆ ಇನ್ನೂ ಬೀಗವಿದೆ. ಮಗಳು ಅದೇ ದಾರಿಯಲ್ಲಿ ಬರುತ್ತಿದ್ದಾಳೆ. ನಾನು ಸಂಜೆ ತಿರುವಿನವರೆಗೆ ಹೋಗಿ ನಿಲ್ಲುತ್ತೇನೆ.